ಆನಿಮೇಷನ್ ನಿಲ್ಲಿಸಿ, ಮಕ್ಕಳನ್ನು ಕೇಳಿ

ಕೇಳುಗರಿಗೆ ನಮಸ್ಕಾರ. ನಾನು ದಾವಣಗೆರೆಯಲ್ಲಿ ಕಂಪ್ಯೂಟರ್ ಪಾಠ ಮಾಡುವವನು.

ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವ ಬಬಲ್ ಸಾರ್ಟ್ ಅನ್ನೋ ವಿಧಾನ ಕೆಲವರಿಗಾದರೂ ಗೊತ್ತಿರುತ್ತೆ ಅಲ್ವಾ? ಅಕ್ಕಪಕ್ಕದ ಎರಡು ಸಂಖ್ಯೆ ನೋಡಬೇಕು, ದೊಡ್ಡದು ಎಡಕ್ಕಿದ್ದರೆ ಅದಲುಬದಲು ಮಾಡಬೇಕು, ಮುಂದಿನ ಜೋಡಿಗೆ ಹೋಗಬೇಕು. ಕೊನೆಯ ಜೋಡಿ ಮುಗಿದರೆ ಒಂದು ಸುತ್ತು, ಎಲ್ಲ ಸರಿಯಾಗೋವರೆಗೂ ಹೀಗೇ ಸುತ್ತು ಸುತ್ತು. ಬೋರ್ಡಿನ ಮೇಲೆ ಬರೆದು ಅಳಿಸುತ್ತಾ ಹೋದರೆ ಹಿಂದಿನ ಬೆಂಚಿನವರಿಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ಒಂದು ದಿನ ಪರದೆ ಮೇಲೆ ಬಣ್ಣದ ಕಂಬಗಳ ಆನಿಮೇಷನ್ ಹಾಕಿದೆ. ಎಲ್ಲರೂ ತಲೆಯಾಡಿಸಿದರು. ಮರುದಿನ ಹಾಳೆ ಕೊಟ್ಟು 7, 3, 9, 2 ಜೋಡಿಸಿ ಅಂದರೆ ಮುಕ್ಕಾಲು ಕ್ಲಾಸು ಪೆನ್ನು ಕಚ್ಚಿಕೊಂಡು ಕೂತಿತ್ತು. ತುಂಬಾ ಬೇಜಾರಾಯಿತು.

ನಾನದನ್ನು ಸಿನಿಮಾ ಥರ ಸುಮ್ನೆ ಓಡಿಸಿಬಿಟ್ಟಿದ್ದೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಗೈಡ್ ಹಿಂದೆ ನಡೆದು ಬಂದವರಿಗೆ ದಾರಿ ನೆನಪಿರುತ್ತಾ?

ಮುಂದಿನ ಸಲ ಹೆಜ್ಜೆ ಹೆಜ್ಜೆಗೂ ನಿಲ್ಲಿಸಿ, ಈಗೇನಾಗುತ್ತೆ ಬರೀರಿ ಎಂದೆ. ಒಬ್ಬ ಹುಡುಗ ಮೊದಲ ಸುತ್ತಿಗೇ 2 ಎಲ್ಲಕ್ಕಿಂತ ಮುಂದೆ ಬರುತ್ತದೆ ಎಂದು ಬರೆದಿದ್ದ. ಬಾ, ನೀನೇ ಬಟನ್ ಒತ್ತು ಎಂದೆ. 7, 3 ಅದಲುಬದಲು. 7, 9 ಹಾಗೇ. 9, 2 ಅದಲುಬದಲು. ಪರದೆ ಮೇಲೆ 3, 7, 2, 9. ಅವನು ಸ್ವಲ್ಪ ಹೊತ್ತು ನೋಡಿದ. "ಸಾರ್, ಈ 2 ಒಂದು ಸುತ್ತಿಗೆ ಒಂದೇ ಮನೆ ಮುಂದೆ ಸರಿಯೋದಾ?" ಈ ಮಾತನ್ನು ನಾನು ಪಾಠದಲ್ಲಿ ಹೇಳಿರಲೇ ಇಲ್ಲ, ಅವನೇ ಕಂಡುಕೊಂಡ. ನನಗೆ ಆವತ್ತು ಆದ ಖುಷಿ ಅಷ್ಟಿಷ್ಟಲ್ಲ.

ಆನಿಮೇಷನ್ ಹೊಸದೇನಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ರೊನಾಲ್ಡ್ ಬೇಕರ್ 1981ರಲ್ಲೇ ಒಂಬತ್ತು ಸಾರ್ಟಿಂಗ್ ವಿಧಾನಗಳನ್ನು ಅರ್ಧ ಗಂಟೆಯ ಚಿತ್ರದಲ್ಲಿ ತೋರಿಸಿದ್ದರು. 2002ರಲ್ಲಿ ಹಂಡ್‌ಹೌಸನ್, ಡಗ್ಲಾಸ್, ಸ್ಟಾಸ್ಕೊ ಎಂಬ ಮೂವರು ಸಂಶೋಧಕರು ಇಂಥ ಆನಿಮೇಷನ್ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ 24 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪರದೆ ಮೇಲೆ ಏನು ಕಾಣುತ್ತೆ ಅನ್ನೋದಕ್ಕಿಂತ ವಿದ್ಯಾರ್ಥಿ ಅದರ ಜೊತೆ ಏನು ಮಾಡುತ್ತಾನೆ ಅನ್ನೋದೇ ಜಾಸ್ತಿ ಮುಖ್ಯ ಅಂತ ಅವರಿಗೆ ಕಂಡಿತು. ಇದನ್ನು ನಾನು ಮೊದಲೇ ಓದಿದ್ದರೆ ಎಷ್ಟೋ ಮಕ್ಕಳಿಗೆ ಅನುಕೂಲವಾಗುತ್ತಿತ್ತು.

ಮೇಷ್ಟ್ರೇ, ಟೀಚರ್ರೇ, ಪ್ರೊಜೆಕ್ಟರ್ ಇಲ್ಲವೆಂದು, ಕರೆಂಟ್ ಹೋಯಿತೆಂದು ಪಾಠ ನಿಲ್ಲಿಸಬೇಡಿ. ಐದು ಚೀಟಿ ಸಾಕು. 2, 3, 4, 5, 1 ಎಂದು ಬೆಂಚಿನ ಮೇಲೆ ಇಡಿ, ಮಕ್ಕಳೇ ಸರಿಸಲಿ. 1 ಮುಂದೆ ಬರಲು ನಾಲ್ಕು ಸುತ್ತು ಬೇಕು. ಆಮೇಲೆ 5, 1, 2, 3, 4 ಇಡಿ. ಒಂದೇ ಸುತ್ತಿಗೆ 5 ಕೊನೆಗೆ ಹೋಗಿ ಎಲ್ಲ ಸರಿಯಾಗುತ್ತೆ. ಯಾಕೆ ಹೀಗೆ ಅಂತ ಕೇಳಿ, ಉತ್ತರ ಬರೋವರೆಗೂ ಕಾಯಿರಿ.