ಬಂದೂಕು ಖರೀದಿಯ ದಾಖಲೆ: ಅಳಿಸುವುದೆಷ್ಟು, ಉಳಿಸುವುದೆಷ್ಟು

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಪರವಾನಗಿ ಪಡೆದ ಅಂಗಡಿಯಿಂದ ಬಂದೂಕು ಕೊಳ್ಳುವವರು ಸಾಮಾನ್ಯವಾಗಿ 4473 ಎಂಬ ಸಂಖ್ಯೆಯ ಅರ್ಜಿ ನಮೂನೆಯನ್ನು ತುಂಬಿಕೊಡಬೇಕು. ಅಂಗಡಿಯವರು ಅದರಲ್ಲಿನ ವಿವರಗಳನ್ನು ಎಫ್‌ಬಿಐ ನಡೆಸುವ ತಪಾಸಣಾ ವ್ಯವಸ್ಥೆಗೆ, ಕೆಲವು ರಾಜ್ಯಗಳಲ್ಲಿ ಅಲ್ಲಿನದೇ ಸಂಸ್ಥೆಗೆ ತಿಳಿಸಿ, ಮಾರಬಹುದೇ ಎಂದು ಕೇಳಬೇಕು. 1993ರ ಬ್ರೇಡಿ ಕಾಯಿದೆಯಿಂದ ಹುಟ್ಟಿದ ಈ ವ್ಯವಸ್ಥೆ 1998ರ ನವೆಂಬರ್ 30ರಂದು ಕೆಲಸ ಆರಂಭಿಸಿತು.

ಒಮ್ಮೆ ತೆರೆದ ಕಡತ ಎಂದೂ ಮುಚ್ಚದ ಕಚೇರಿಗಳನ್ನು ಕಂಡ ನಮಗೆ ಮುಂದಿನ ಸಂಗತಿ ವಿಚಿತ್ರವೆನಿಸಬಹುದು. ಅನುಮತಿ ದೊರೆತ ಖರೀದಿದಾರರ ಗುರುತಿನ ವಿವರಗಳನ್ನು, ಅಂಗಡಿಗೆ ಉತ್ತರ ಕೊಟ್ಟ 24 ಗಂಟೆಗಳೊಳಗೆ ಎಫ್‌ಬಿಐ ನಾಶಪಡಿಸಲೇಬೇಕೆಂದು ಕಾನೂನೇ ವಿಧಿಸಿದೆ. ವ್ಯವಹಾರದ ಸಂಖ್ಯೆ, ದಿನಾಂಕಗಳಷ್ಟೇ ಉಳಿಯುತ್ತವೆ. ಮೊದಲು 180 ದಿನ, ಆಮೇಲೆ 90 ದಿನ ಇದ್ದ ಅವಧಿ 2004ರಲ್ಲಿ ಹೀಗೆ ಕುಗ್ಗಿತು. ನಿರಾಕರಣೆಯ ದಾಖಲೆಗಳಿಗೆ ಈ ಕಟ್ಟುಪಾಡಿಲ್ಲ, ಅವು ಉಳಿಯುತ್ತವೆ.

ಬಂದೂಕು ಇರುವವರ ಪಟ್ಟಿಯೊಂದು ಸರ್ಕಾರದ ಕೈಸೇರಬಾರದೆಂಬ ಹಳೆಯ ಅಂಜಿಕೆಯೇ ಇದಕ್ಕೆ ಕಾರಣ; ಅಂಥ ಕೇಂದ್ರ ನೋಂದಣಿಯನ್ನು 1986ರ ಕಾಯಿದೆಯೇ ತಡೆದಿತ್ತು. ಅಂಜಿಕೆ ನಿರಾಧಾರವೆಂದು ನಾನು ಹೇಳಲಾರೆ, ಆದರೆ ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ತಪ್ಪಾಗಿ ಅನುಮತಿ ಕೊಟ್ಟದ್ದು ನಂತರ ಗೊತ್ತಾದಾಗ, ಉಳಿದಿದ್ದ ದಾಖಲೆಯ ನೆರವಿನಿಂದ ಬಂದೂಕನ್ನು ಹಿಂಪಡೆಯುವ ಕ್ರಮ ಕೈಗೊಳ್ಳಲು ಆಗುತ್ತಿತ್ತು. 90 ದಿನಗಳ ನಿಯಮದ ಮೊದಲ ಆರು ತಿಂಗಳಲ್ಲಿ ಹೀಗೆ ಆರಂಭವಾದ 235 ಕ್ರಮಗಳಲ್ಲಿ 228, ದಾಖಲೆಯನ್ನು ಮರುದಿನವೇ ಅಳಿಸಿದ್ದರೆ ಸಾಧ್ಯವಾಗುತ್ತಿರಲಿಲ್ಲವೆಂದು ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2002ರಲ್ಲಿ ವರದಿ ಮಾಡಿತ್ತು. ಆ ವರದಿಯನ್ನು ಕೈಯಲ್ಲಿಟ್ಟುಕೊಂಡೇ ಅವಧಿಯನ್ನು ಒಂದು ದಿನಕ್ಕೆ ಇಳಿಸಲಾಯಿತು.

ಹಾಗೆಂದು ಖರೀದಿಯ ಗುರುತೇ ಅಳಿದುಹೋಗುವುದಿಲ್ಲ. ತುಂಬಿದ ನಮೂನೆ ಅಂಗಡಿಯಲ್ಲೇ ಇರುತ್ತದೆ. ಅದನ್ನು 20 ವರ್ಷ ಕಾಪಾಡಿದರೆ ಸಾಕೆಂಬ ಹಿಂದಿನ ಮಿತಿಯನ್ನು ತೆಗೆದು, ವ್ಯಾಪಾರ ನಿಲ್ಲಿಸುವವರೆಗೂ ಇಡಬೇಕೆಂದು 2022ರ ನಿಯಮ ಹೇಳಿತು. ಅಂಗಡಿ ಮುಚ್ಚಿದರೆ ಕಾಗದಗಳು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಬಂದೂಕು ಪತ್ತೆ ಕೇಂದ್ರಕ್ಕೆ ಹೋಗುತ್ತವೆ. ಅಲ್ಲಿ ಅವುಗಳನ್ನು ಸ್ಕ್ಯಾನ್ ಮಾಡಿದರೂ ಖರೀದಿದಾರರ ಹೆಸರಿನಿಂದ ಹುಡುಕುವಂತಿಲ್ಲ. ಆದ್ದರಿಂದ ಅಪರಾಧದ ಸ್ಥಳದಲ್ಲಿ ಬಂದೂಕು ಸಿಕ್ಕಾಗ, ಸಿಬ್ಬಂದಿ ಅದರ ಮೇಲಿನ ಕ್ರಮಸಂಖ್ಯೆ ಹಿಡಿದು ಮೊದಲು ತಯಾರಕರನ್ನು, ಬಳಿಕ ಸಗಟು ವ್ಯಾಪಾರಿಯನ್ನು ವಿಚಾರಿಸಿ ಅಂಗಡಿಯನ್ನು ಗುರುತಿಸುತ್ತಾರೆ. ಆ ಅಂಗಡಿ ಮುಚ್ಚಿದ್ದರೆ ಅದರ ಕಾಗದಗಳ ಚಿತ್ರಗಳನ್ನು ಪುಟಪುಟವಾಗಿ ಕಣ್ಣಾಡಿಸಿ ಕೊಂಡವರ ಹೆಸರನ್ನು ಹುಡುಕುತ್ತಾರೆ.