ಗಾಜಿನ ಮೇಲೆ ದೇವರು, ಸ್ಟೇರಿಂಗ್ ಹಿಡಿದವರು ಯಾರು?

(ಹಾಸನದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಸ್ನೇಹಿತರೇ,

ಇಲ್ಲಿಂದ ಹೊರಬಿದ್ದು ಬಿ.ಎಂ. ರಸ್ತೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಜಿಲ್ಲೆಯ ದೇವತೆಗಳೆಲ್ಲ ವಾಹನಗಳ ಗಾಜಿನ ಮೇಲೆ ಸ್ಟಿಕ್ಕರ್‌ಗಳಾಗಿ ಸಾಲಾಗಿ ಕಣ್ಣೆದುರು ಹಾದುಹೋಗುತ್ತಾರೆ. ಹಾಸನಾಂಬೆಯ ಕೃಪೆ, ಶ್ರೀ ಮಂಜುನಾಥ ಪ್ರಸನ್ನ, ಕಾಲಭೈರವೇಶ್ವರ, ಯಾರದೋ ಮನೆದೇವರಾದ ರಂಗನಾಥ, ಮಾಷಾ ಅಲ್ಲಾ, 786, ಯೇಸುವೇ ಆಶ್ರಯ, ಹಿಂಬದಿಯ ಗಾಜನ್ನು ಪೂರ್ತಿ ತುಂಬಿದ ಕೇಸರಿ ಕಪ್ಪು ಬಣ್ಣದ ಹನುಮಂತ. ಅದೇ ಗಾಜಿನ ಮೂಲೆಯಲ್ಲಿ ಕೆಲವೊಮ್ಮೆ ‘ಪ್ರೆಸ್’ ಅಥವಾ ‘ವಕೀಲರು’ ಎಂಬ ಚೀಟಿಯೂ ಇರುತ್ತದೆ. ದೇವರ ಹೆಸರು ಯಮನಿಗೆ, ಆ ಚೀಟಿ ಸಂಚಾರಿ ಪೊಲೀಸರಿಗೆ. ಎರಡನ್ನೂ ಒಂದೇ ಉದ್ದೇಶಕ್ಕೆ ಅಂಟಿಸಿದ್ದಾರೆಂಬ ಅನುಮಾನ ನನಗೆ ಬಹಳ ದಿನಗಳಿಂದ ಇದೆ.

ಗೇಲಿ ಮಾಡಲು ನಾನು ಬಂದಿಲ್ಲ. ಸಕಲೇಶಪುರ ದಾಟಿ, ಆಷಾಢದ ಮಳೆಯಲ್ಲಿ, ರಾತ್ರಿ ಹೊತ್ತು ಶಿರಾಡಿ ಘಾಟಿ ಇಳಿಯುವ ಲಾರಿ ಚಾಲಕನ ಪಕ್ಕದಲ್ಲಿ ಕುಳಿತವರಿಗೆ ಆ ಹೆಸರು ಅಲ್ಲಿ ಏಕಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಬ್ರೇಕ್ ಮೇಲೆ ಪೂರ್ತಿ ನಂಬಿಕೆ ಇಲ್ಲದವನು, ಮಾಲೀಕ ಕೊಟ್ಟ ಗಡುವಿಗೆ ಹೆದರಿದವನು, ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದವನು ತನ್ನ ದೇವರನ್ನು ಕರೆದುಕೊಳ್ಳುತ್ತಾನೆ. ಅದರಲ್ಲಿ ತಪ್ಪು ಹುಡುಕುವವರು ಬೆಚ್ಚಗೆ ಮನೆಯಲ್ಲಿ ಕುಳಿತವರೇ ಇರಬೇಕು.

ನನ್ನ ತಕರಾರು ಅಪಘಾತವಾದ ಮೇಲಿನ ಮಾತುಗಳ ಬಗ್ಗೆ. ಗುದ್ದಿದವನು ಪಾರಾದರೆ ‘ದೇವರು ದೊಡ್ಡವನು’. ಗುದ್ದಿಸಿಕೊಂಡವನು ಸತ್ತರೆ ‘ಅವನ ಆಯಸ್ಸು ಅಷ್ಟೇ ಇತ್ತು’. ಒಂದು ಕಡೆ ಕೃಪೆ, ಇನ್ನೊಂದು ಕಡೆ ಹಣೆಬರಹ. ನಡುವೆ ಮೊಬೈಲ್ ನೋಡುತ್ತಾ ತಿರುವಿನಲ್ಲಿ ಓವರ್‌ಟೇಕ್ ಮಾಡಿದ ಮನುಷ್ಯನೊಬ್ಬ ಇದ್ದನಲ್ಲ, ಅವನು ಕಥೆಯಿಂದಲೇ ಮಾಯ.

ಇದು ನಮ್ಮೊಬ್ಬರ ಚಾಳಿಯಲ್ಲ. ಬಂಪರ್ ಸ್ಟಿಕ್ಕರ್ ಎಂಬುದು ಎರಡನೇ ಮಹಾಯುದ್ಧ ಮುಗಿದ ಕಾಲದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಕ್ಯಾನ್ಸಸ್ ಸಿಟಿಯ ಫಾರೆಸ್ಟ್ ಗಿಲ್ ಎಂಬ ಮುದ್ರಕ ಹೊಳೆಯುವ ಶಾಯಿಯನ್ನೂ ಅಂಟುಕಾಗದವನ್ನೂ ಜೋಡಿಸಿ ಅದನ್ನು ರೂಪಿಸಿದ. ಧರ್ಮ ಅಲ್ಲಿಗೂ ಬೇಗನೆ ಏರಿ ಕುಳಿತಿತು. ‘ದೇವರೇ ನನ್ನ ಸಹ ಪೈಲಟ್’ ಎಂದು ಒಬ್ಬ ಅಂಟಿಸಿದರೆ, ‘ಹಾಗಿದ್ದರೆ ಸೀಟು ಬದಲಾಯಿಸಿಕೋ’ ಎಂದು ಇನ್ನೊಬ್ಬ ಅಂಟಿಸಿದ. ‘ದೇವರು ಹೇಳಿದ, ನಾನು ನಂಬಿದೆ, ಅಲ್ಲಿಗೆ ಮುಗಿಯಿತು’ ಎಂಬುದು ಮತ್ತೊಂದು. ನನಗೆ ಹೆಚ್ಚು ಕಸಿವಿಸಿ ತಂದದ್ದು ಇದು: ‘ಕ್ರೈಸ್ತರು ಪರಿಪೂರ್ಣರಲ್ಲ, ಕ್ಷಮೆ ಪಡೆದವರು ಅಷ್ಟೇ.’ ವಿನಯದ ಮಾತೆಂದೇ ಅದನ್ನು ಓದಬಹುದು. ಆದರೆ ನಿಮ್ಮ ಕಾರಿಗೆ ಅಡ್ಡ ನುಗ್ಗಿ ಹೋದವನ ಬಂಪರ್ ಮೇಲೆ ಅದನ್ನು ಓದಿ ನೋಡಿ. ಕ್ಷಮಿಸಬೇಕಾದವರು ನೀವು, ನಿಮ್ಮನ್ನು ಕೇಳದೆಯೇ ಅವನು ಮೇಲಿನಿಂದ ಕ್ಷಮೆ ತಂದುಕೊಂಡು ಹೊರಟಿದ್ದಾನೆ. ಡೀಟ್ರಿಚ್ ಬಾನ್‌ಹಾಫರ್ ಎಂಬ ಜರ್ಮನ್ ಪಾದ್ರಿ 1937ರಲ್ಲೇ ಇಂಥದ್ದನ್ನು ಅಗ್ಗದ ಕೃಪೆ ಎಂದು ಕರೆದಿದ್ದರು. ಪಶ್ಚಾತ್ತಾಪವಿಲ್ಲದೆ ಸಿಗುವ ಕ್ಷಮೆ ಎಂದು ಅವರ ಅರ್ಥ. ಹಿಟ್ಲರನನ್ನು ವಿರೋಧಿಸಿ 1945ರ ಏಪ್ರಿಲ್‌ನಲ್ಲಿ ನೇಣಿಗೇರಿದವರು ಅವರು. ಬೆಲೆ ತೆತ್ತು ಆಡಿದ ಮಾತು ಅದು.

ಈಗ ನಮ್ಮ ಜಿಲ್ಲೆಗೆ ಬರೋಣ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಸುಮಾರು ಕ್ರಿ.ಶ. 450, ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದು, ಪರೀಕ್ಷೆಗೆ ಅಷ್ಟು ಸಾಕಿತ್ತು. ಆ ಹದಿನಾರು ಸಾಲುಗಳಲ್ಲಿ ಏನಿದೆ ಎಂದು ಕೇಳಿದರೆ ಬಹುತೇಕರು ತಡವರಿಸುತ್ತಾರೆ. ಅದು ಶುರುವಾಗುವುದು ಅಚ್ಯುತನ ಸ್ತುತಿಯಿಂದ. ದಾನವರ ಕಣ್ಣಿಗೆ ಪ್ರಳಯದ ಬೆಂಕಿ, ಶಿಷ್ಟರಿಗೆ ಸುದರ್ಶನ, ಅಂಥ ಅಚ್ಯುತನಿಗೆ ಜಯ. ನಮ್ಮ ಗಾಜಿನ ಮೇಲೆ ಬರೆಯಿಸುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ಸ್ತುತಿಯ ಕೆಳಗೆ ಮನುಷ್ಯರು ಬರುತ್ತಾರೆ: ಯಾರ ಆಳ್ವಿಕೆ, ಯಾರು ಹೋರಾಡಿದರು, ಯಾರಿಗೆ ಯಾವ ಊರು ದಾನವಾಯಿತು, ಕೊಡುವಾಗ ಯಾರು ಎದುರಿಗಿದ್ದರು. ಕೊನೆಗೆ, ಇದನ್ನು ಅಳಿಸಿದವನಿಗೆ ಮಹಾಪಾತಕ ಎಂಬ ಎಚ್ಚರಿಕೆ. ಹೊಯ್ಸಳರ ಕಾಲಕ್ಕೆ ಬಂದರೆ ಈ ಕೊನೆಯ ಭಾಗ ಇನ್ನೂ ಖಾರವಾಗುತ್ತದೆ. ದತ್ತಿಯನ್ನು ಕೆಡಿಸಿದವನು ವಾರಾಣಸಿಯಲ್ಲಿ ಕವಿಲೆಗಳನ್ನು, ಅಂದರೆ ಹಸುಗಳನ್ನು, ಕೊಂದ ಪಾಪಕ್ಕೆ ಹೋಗುತ್ತಾನೆ.

ನಮ್ಮ ಹಿರಿಯರು ಕಾಗದ ಬರೆಯುವಾಗ ತಲೆಯಲ್ಲಿ ‘ಶ್ರೀ’ ಎಂದು ಬರೆದು, ಕೆಳಗೆ ವಿಷಯ ಬರೆದು, ಕೊನೆಗೆ ತಮ್ಮ ರುಜು ಹಾಕುತ್ತಿದ್ದರು. ವಾಹನದ ಸ್ಟಿಕ್ಕರ್ ನನಗೆ ‘ಶ್ರೀ’ ಎಂದಷ್ಟೇ ಬರೆದು, ಮಡಿಸಿ, ಅಂಚೆಗೆ ಹಾಕಿದ ಕಾಗದದಂತೆ ಕಾಣುತ್ತದೆ.

ಮಂಜುನಾಥನ ಹೆಸರನ್ನು ಹಾಕಿಸಿದವರಂತೂ ಸ್ವಲ್ಪ ಯೋಚಿಸಬೇಕು. ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ ಎಂಬ ಗಾದೆಯನ್ನು ಬಲ್ಲವರು ನಾವು. ಜಮೀನಿನ ಜಗಳ, ಸಾಲದ ತಗಾದೆ ಬಗೆಹರಿಯದಿದ್ದಾಗ ‘ಬಾ, ಧರ್ಮಸ್ಥಳದಲ್ಲಿ ಆಣೆ ಮಾಡು’ ಎನ್ನುವುದು ಈ ಸೀಮೆಯ ಕೊನೆಯ ಅಸ್ತ್ರ. ಎಷ್ಟೋ ಜನ ಅಲ್ಲಿಯವರೆಗೆ ಹೋಗುವ ಮುಂಚೆಯೇ ನಿಜ ಒಪ್ಪಿಕೊಂಡು ರಾಜಿಯಾಗುತ್ತಾರೆ. ಆ ಹೆಸರಿಗೆ ಇರುವ ಬಲ ಅಂಥದ್ದು. ಆಡಿದ ಮಾತಿಗೆ ಮನುಷ್ಯನನ್ನು ಕಟ್ಟಿಹಾಕುವ ದೇವರನ್ನೇ ತಪ್ಪಿನಿಂದ ಬಿಡಿಸುವ ದೇವರೆಂದು ಭಾವಿಸಿ ಅಂಟಿಸಿಕೊಳ್ಳುವುದು ಎಂಥ ಧೈರ್ಯ! ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಹೋದರೆ ಧರ್ಮಸ್ಥಳಕ್ಕೆ ನಡೆದು ಹೊರಟ ಸಾವಿರಾರು ಜನ ಸಿಗುತ್ತಾರೆ. ಹೆಗಲಿಗೆ ಚೀಲ, ಕಾಲಲ್ಲಿ ಬೊಬ್ಬೆ, ಚಾರ್ಮಾಡಿಯ ಕಿರಿದಾದ ರಸ್ತೆಯ ಅಂಚು. ಅವರ ಮೊಣಕೈಗೆ ಗಾಳಿ ತಾಗುವಷ್ಟು ಹತ್ತಿರದಲ್ಲಿ ಹಾರ್ನ್ ಬಾರಿಸುತ್ತಾ ನುಗ್ಗುವ ಕಾರಿನ ಗಾಜಿನ ಮೇಲೂ ಅದೇ ಮಂಜುನಾಥ. ಈ ಇಬ್ಬರು ಭಕ್ತರಲ್ಲಿ ಒಬ್ಬರ ಅವಸರಕ್ಕೆ ಇನ್ನೊಬ್ಬರು ಚರಂಡಿಗೆ ಇಳಿಯಬೇಕಾಗುತ್ತದೆ.

ಇನ್ನು ಹನುಮಂತ. ಆ ಹುಬ್ಬುಗಂಟಿನ ಚಿತ್ರವನ್ನು 2015ರಲ್ಲಿ ಬರೆದವರು ಕಾಸರಗೋಡು ಜಿಲ್ಲೆಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ. ಊರಿನ ಯುವಕರ ಬಾವುಟಕ್ಕೆಂದು ಬರೆದದ್ದು ದೇಶದ ಗಾಜುಗಳನ್ನೆಲ್ಲ ಏರಿತು. ತಾನು ಬರೆದದ್ದು ಸಿಟ್ಟನ್ನಲ್ಲ, ಗತ್ತನ್ನು ಎಂದು ಅವರು ಹೇಳಿದ್ದುಂಟು. ಅದೇನೇ ಇರಲಿ, ಅದನ್ನು ಅಂಟಿಸಿಕೊಂಡ ಹಲವರು ಸಿಟ್ಟಿಗೆ ಸಿಕ್ಕ ಪರವಾನಗಿಯಂತೆ ಗಾಡಿ ಓಡಿಸುತ್ತಾರೆ. ಇವರು ಸುಂದರಕಾಂಡವನ್ನು ಲಂಕೆ ಸುಡುವಲ್ಲಿಗೆ ನಿಲ್ಲಿಸಿರಬೇಕು. ವಾಲ್ಮೀಕಿ ನಿಲ್ಲಿಸಲಿಲ್ಲ. ಬೆಂಕಿ ಹಬ್ಬಿದ ಮರುಕ್ಷಣವೇ ಹನುಮಂತನಿಗೆ ಎದೆ ನಡುಗುತ್ತದೆ: ಊರೆಲ್ಲ ಉರಿಯುವಾಗ ಸೀತೆಯೂ ಸುಟ್ಟುಹೋಗಿದ್ದರೆ? ಬಂದ ಕೆಲಸವನ್ನು ನಾನೇ ಹಾಳುಮಾಡಿದೆನೇ? ಸಿಟ್ಟನ್ನು ನುಂಗಬಲ್ಲವರೇ ಧನ್ಯರು ಎಂದು ಹಲುಬುತ್ತಾನೆ, ಸಾಯುವ ಮಾತನ್ನೂ ಆಡುತ್ತಾನೆ. ಬಾಲಕ್ಕೆ ಬೆಂಕಿ ಹಚ್ಚಿದವರು ರಾಕ್ಷಸರು, ಕಳಿಸಿದವನು ರಾಮ. ಹೊಣೆ ದಾಟಿಸಲು ಅವನಿಗೆ ಇದ್ದಷ್ಟು ನೆಪ ನಮಗೆ ಯಾರಿಗೂ ಇಲ್ಲ. ಒಂದನ್ನೂ ಅವನು ಬಳಸಿಕೊಳ್ಳುವುದಿಲ್ಲ. ಇಡೀ ಕಾವ್ಯದಲ್ಲಿ ನನಗೆ ಅವನು ಅತ್ಯಂತ ದೊಡ್ಡವನಾಗಿ ಕಾಣುವುದು ಸಮುದ್ರ ಹಾರುವಾಗಲ್ಲ, ಇಲ್ಲಿ.

ಶ್ರವಣಬೆಳಗೊಳದ ಗೊಮ್ಮಟನನ್ನು ನೆನೆಯದೆ ಹಾಸನದಲ್ಲಿ ಈ ಮಾತು ಮುಗಿಯುವುದಿಲ್ಲ. ಐವತ್ತೆಂಟು ಅಡಿ ಎತ್ತರದ ಆ ಮೂರ್ತಿ ಯಾರಿಗೂ ರಕ್ಷಣೆಯ ಭರವಸೆ ಕೊಡುವುದಿಲ್ಲ. ಜಿನ ಶಿಕ್ಷಿಸುವುದೂ ಇಲ್ಲ, ಕ್ಷಮಿಸುವುದೂ ಇಲ್ಲ. ಮಾಡಿದ ಕರ್ಮವನ್ನು ಮಾಡಿದವನೇ ಕಳೆದುಕೊಳ್ಳಬೇಕು. ಅಲ್ಲಿ ನಿಂತಿರುವ ಬಾಹುಬಲಿಯಾದರೂ ಅಣ್ಣ ಭರತನೊಡನೆ ಕಾಳಗದಲ್ಲಿ ಗೆಲ್ಲುವ ಹೊತ್ತಿನಲ್ಲಿ, ತೋಳುಗಳಲ್ಲಿ ಮೇಲೆತ್ತಿದ ಆ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸಿದವನು. ತಡೆದದ್ದು ಯಾವ ದೇವರೂ ಅಲ್ಲ.

ಕಾನೂನಿನ ಒಂದೆರಡು ಮಾತು. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ, ಅಪಘಾತದಲ್ಲಿ ಯಾರಾದರೂ ಗಾಯಗೊಂಡರೆ ಅವರಿಗೆ ಚಿಕಿತ್ಸೆ ಕೊಡಿಸುವ ಹೊಣೆ ಚಾಲಕನದು. ಜನ ಮುಗಿಬಿದ್ದು ಹೊಡೆಯುವ ಭಯವಿದ್ದರೆ ಅಷ್ಟರ ಮಟ್ಟಿಗೆ ವಿನಾಯಿತಿ ಇದೆ. ಆದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಲೇಬೇಕು. 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ನೆರವಿಗೆ ಬಂದ ದಾರಿಹೋಕರಿಗೆ ರಕ್ಷಣೆ ಕೊಡುತ್ತದೆ. ‘ನಮಗೇಕೆ ಪೊಲೀಸರ ಸಹವಾಸ’ ಎಂದು ವೇಗ ಹೆಚ್ಚಿಸುವವರಿಗೆ ಈಗ ಆ ನೆಪವೂ ಉಳಿದಿಲ್ಲ.

ಹಾಗಾದರೆ ಸ್ಟಿಕ್ಕರ್ ಕೀಳಬೇಕೇ ಎಂದು ಸಂಘಟಕರಲ್ಲೊಬ್ಬರು ಮೊದಲೇ ಕೇಳಿದರು. ಬೇಡ. ಕಿತ್ತವರೆಲ್ಲ ಹೊಣೆಗಾರರಾಗುವುದಿಲ್ಲ, ಬರಿಯ ಗಾಜಿನವರು ಎಷ್ಟು ಸಭ್ಯರೆಂಬುದನ್ನು ದಿನವೂ ನೋಡುತ್ತಿದ್ದೇವೆ. ಒಂದನ್ನು ಮಾತ್ರ ತೆಗೆಯಿರಿ. ಕೆಲವರು ದೇವರ ಹೆಸರನ್ನೂ ಚಿತ್ರವನ್ನೂ ನೋಂದಣಿ ಫಲಕದ ಮೇಲೆಯೇ ಬರೆಸಿ, ಅಂಕಿಗಳನ್ನು ಮೂಲೆಗೆ ಒತ್ತಿರುತ್ತಾರೆ. ನಿಯಮ ಇದನ್ನು ಒಪ್ಪುವುದಿಲ್ಲ. 2019ರ ಏಪ್ರಿಲ್‌ಗಿಂತ ಹಿಂದಿನ ವಾಹನಗಳಿಗೂ ಅತಿಸುರಕ್ಷಿತ ನೋಂದಣಿ ಫಲಕ (ಎಚ್‌ಎಸ್‌ಆರ್‌ಪಿ) ಬೇಕೆಂದು 2023ರಲ್ಲಿ ರಾಜ್ಯ ಸರ್ಕಾರ ಆದೇಶಿಸಿದ ಮೇಲೂ ಹಳೆಯ ಫಲಕಗಳು ಓಡಾಡುತ್ತಿವೆ. ಗುದ್ದಿ ಓಡಿಹೋದವನನ್ನು ಹುಡುಕಲು ರಸ್ತೆಯಲ್ಲಿ ಬಿದ್ದವನಿಗೆ ಇರುವ ದಾರಿ ಆ ಅಂಕಿಗಳು ಮಾತ್ರ. ಅವನ್ನು ಯಾರ ಹೆಸರಿನಿಂದಲೂ ಮುಚ್ಚಬೇಡಿ. ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.