ಮೆತ್ತಿನ ಮೇಲೆ ಎರಡು ಟೋನ್‌ಆರ್ಮ್, ಚಾಲಿ ರಾಶಿಯಲ್ಲಿ ಒಂದು ನಟ್

ನಮಸ್ಕಾರ. ಮಳೆ ಸದ್ದು ಜಾಸ್ತಿ ಕೇಳಿದರೆ ಸಹಿಸಿಕೊಳ್ಳಿ. ಶಿರಸಿ ಕಡೆ ಆಷಾಢದಲ್ಲಿ ಮಳೆ ನಿಂತ ಮೇಲೆ ರೆಕಾರ್ಡ್ ಮಾಡುತ್ತೇನೆ ಅಂದರೆ ದೀಪಾವಳಿಗೇ ಮಾಡಬೇಕು.

ಇವತ್ತು ಮೆತ್ತಿನ ಮೇಲೆ, ಅಂದರೆ ಮಾಳಿಗೆಯಲ್ಲಿ, ಎರಡು ಟೋನ್‌ಆರ್ಮ್ ಇಟ್ಟಿದ್ದೇನೆ. ಗ್ರಾಮಫೋನ್ ತಟ್ಟೆಯ ಮೇಲೆ ಸೂಜಿ ಹಿಡಿದುಕೊಂಡು ಹೋಗುವ ತೋಳು ಅದು. ಎಡಗಡೆ ಇರುವುದು ಎಸ್‌ಎಂಇ 3009, ಸೀರೀಸ್ ಟು ಇಂಪ್ರೂವ್ಡ್. ಬಲಗಡೆ ರೇಗಾ ಆರ್‌ಬಿ 300. ಎಸ್‌ಎಂಇ ನೋಡಲು ಎಷ್ಟು ಚೆಂದ ನೋಡಿ. ಹಿಂದೆ ದಾರಕ್ಕೆ ಕಟ್ಟಿದ ಸಣ್ಣ ತೂಕ ಒಂದು ತೂಗುತ್ತಿದೆ ಅಲ್ವಾ, ಅದು ಆಂಟಿ ಸ್ಕೇಟಿಂಗ್‌ಗೆ. ತಟ್ಟೆ ತಿರುಗುವಾಗ ಆರ್ಮ್ ಸುಮ್ನೆ ಒಳಗೆ ಎಳೆದುಕೊಂಡು ಹೋಗುತ್ತದೆ, ಈ ತೂಕ ಅದನ್ನು ಮೆಲ್ಲಗೆ ಹೊರಗೆ ಜಗ್ಗುತ್ತದೆ. ರೇಗಾದಲ್ಲಿ ಇಂಥ ಒಡವೆ ಏನೂ ಇಲ್ಲ. 1983ರಲ್ಲಿ ಬಂದದ್ದು, ತಲೆಯಿಂದ ಕೊಳವೆಯವರೆಗೆ ಒಂದೇ ಎರಕ. ತೋಟಕ್ಕೆ ಹೋಗುವ ಗಂಡಸಿನ ಹಾಗೆ, ಅಲಂಕಾರ ಇಲ್ಲ.

ಮೊದಲು ಒಂದು ತಪ್ಪೊಪ್ಪಿಗೆ. ಹಿಂದಿನ ವಿಡಿಯೋದಲ್ಲಿ ಎಸ್‌ಎಂಇಗೆ ಡೆನಾನ್ ಡಿಎಲ್-103 ಕಾರ್ಟ್ರಿಜ್, ಅಂದರೆ ಆರ್ಮಿನ ತುದಿಗೆ ಕೂರುವ ಸೂಜಿ ಡಬ್ಬಿ, ಹಾಕುವುದು ಮೂರ್ಖತನ ಅಂದಿದ್ದೆ. ಲೆಕ್ಕ ಹಾಕಿಯೇ ಅಂದಿದ್ದೆ. ಆರ್ಮ್ ಅಲುಗುವಾಗ ಸೂಜಿಯ ತುದಿಗೆ ತಟ್ಟುವ ಅದರ ತೂಕ (ಎಫೆಕ್ಟಿವ್ ಮಾಸ್), ಕಾರ್ಟ್ರಿಜ್ ತೂಕ, ಸ್ಕ್ರೂ ತೂಕ ಕೂಡಿಸಿ. ಸೂಜಿಯ ಕಡ್ಡಿ ಎಷ್ಟು ಬಳುಕುತ್ತದೋ ಆ ಕಂಪ್ಲಯನ್ಸ್ ಅಂಕಿಯಿಂದ ಗುಣಿಸಿ. ವರ್ಗಮೂಲ ತೆಗೆಯಿರಿ. 159ನ್ನು ಅದರಿಂದ ಭಾಗಿಸಿ. ಬರುವ ಉತ್ತರ ಆರ್ಮ್, ಸೂಜಿ ಎರಡೂ ಸೇರಿ ತಾವೇ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತವೆ ಅನ್ನುವುದು. ಅದು 8ರಿಂದ 12 ಹರ್ಟ್ಸ್ ಒಳಗೆ ಬಂದರೆ ಜೋಡಿ ಸರಿ. ಕೆಳಗೆ ಹೋದರೆ ಸೊಟ್ಟ ತಟ್ಟೆಗೂ ಕಾಲ್ನಡಿಗೆಗೂ ಸೂಜಿ ಕುಣಿಯುತ್ತದೆ. ಮೇಲೆ ಹೋದರೆ ಹಾಡಿನ ತಳದ ಸ್ವರಕ್ಕೇ ಕೈ ಹಾಕುತ್ತದೆ.

ಡೆನಾನ್ ಕಾಗದದಲ್ಲಿ ಕಂಪ್ಲಯನ್ಸ್ 5 ಅಂತ ಇದೆ. ಎಸ್‌ಎಂಇ ಒಂಬತ್ತೂವರೆ ಗ್ರಾಂ, ಕಾರ್ಟ್ರಿಜ್ ಎಂಟೂವರೆ, ಸ್ಕ್ರೂ ಒಂದು, ಒಟ್ಟು 19. ಉತ್ತರ 16 ದಾಟಿತು. ಮೂರ್ಖತನ ಅಂತ ಠಸ್ಸೆ ಹೊಡೆದೆ. ಆದರೆ ಆ 5 ಅನ್ನುವುದು 100 ಹರ್ಟ್ಸ್‌ನಲ್ಲಿ ಅಳೆದದ್ದು, ಜಪಾನಿನವರ ರೂಢಿ ಅದು. ನಮ್ಮ ಲೆಕ್ಕಕ್ಕೆ ಬೇಕಾದದ್ದು 10 ಹರ್ಟ್ಸ್‌ನ ಅಂಕಿ. ಅದಕ್ಕೆ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಟ್ಟು ಹಿಡಿಯಬೇಕು. 10 ಅಂತ ಹಿಡಿದರೆ ಉತ್ತರ ಹನ್ನೊಂದೂವರೆ. ಜೋಡಿ ನಡೆಯುತ್ತದೆ. ಮೂರ್ಖ ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಆದರೂ ಎಸ್‌ಎಂಇ ಪರ ಪೂರ್ತಿ ಮಾತಾಡುವುದಿಲ್ಲ. ಇದರಲ್ಲಿ ಸೂಜಿಭಾರ, ಅಂದರೆ ಸೂಜಿ ತಟ್ಟೆಯನ್ನು ಒತ್ತುವ ಭಾರ, ಹಾಕುವ ಗೀಟು ಒಂದೂವರೆ ಗ್ರಾಂಗೆ ಮುಗಿಯುತ್ತದೆ. ಡಿಎಲ್-103 ಕೇಳುವುದು ಎರಡೂವರೆ. ಹಿಂದಿನ ತೂಕವನ್ನೇ ಸರಿಸಿ, ಸಣ್ಣ ತಕ್ಕಡಿಯಲ್ಲಿ ನೋಡಿ ನೋಡಿ ಕೂರಿಸಬೇಕು. ಒಂದು ಗ್ರಾಮಿನ ನೂರನೇ ಭಾಗ ತೋರಿಸುವ ತಕ್ಕಡಿ ಇದು. ನಮ್ಮ ಮನೆಯಲ್ಲಿ ಇಲ್ಲಿಯವರೆಗೆ ಇದ್ದ ತಕ್ಕಡಿಯೆಲ್ಲ ಕ್ವಿಂಟಲ್ ಲೆಕ್ಕದ್ದು.

ಈಗ ನಟ್ ಕತೆ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸೇ ಬರುತ್ತಿಲ್ಲ.

ಓರ್ಟೊಫಾನ್ 2ಎಂ ಬ್ಲೂ ಅಂತ ಇನ್ನೊಂದು ಕಾರ್ಟ್ರಿಜ್ ಇದೆಯಲ್ಲ, ಅದರ ಮೈಯಲ್ಲೇ ಸ್ಕ್ರೂ ಹಿಡಿಯುವ ಥ್ರೆಡ್ ಇದೆ. ಮೇಲಿಂದ ತಿರುಪಿದರೆ ಮುಗಿಯಿತು. ಡಿಎಲ್-103ಕ್ಕೆ ಥ್ರೆಡ್ ಇಲ್ಲ. ಮೇಲಿಂದ ಸ್ಕ್ರೂ, ಕೆಳಗಿಂದ ನಟ್. ಎರಡೂವರೆ ಮಿಲಿಮೀಟರ್ ಸ್ಕ್ರೂವಿನ ನಟ್ ಅಂದರೆ ಕಾಳುಮೆಣಸಿನಷ್ಟೇ ಇರುತ್ತದೆ, ಬೆರಳಿನ ಬೆವರಿಗೇ ಅಂಟಿಕೊಳ್ಳುತ್ತದೆ. ಒಂದು ಕೂರಿಸಿದೆ. ಎರಡನೆಯದು ಜಾರಿತು. ಮೆತ್ತಿನ ನೆಲ ಹಳೆಯ ಹಲಗೆ, ಮಧ್ಯೆ ಬೆರಳು ಹೋಗುವಷ್ಟು ಸಂದು. "ಟಿಣ್" ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಕೆಳಗೆ ಚಾಲಿ ಅಡಿಕೆ ರಾಶಿ.

ಆಯಿ ಕೆಳಗಿಂದ, "ಎಂತ ಬಿತ್ತಾ?" ಅಂದಳು. ಏನಿಲ್ಲ ಅಂದೆ.

ಅರ್ಧ ತಾಸು ಟಾರ್ಚ್ ಹಿಡಿದು ಹುಡುಕಿದೆ. ಆಮೇಲೆ ಬುದ್ಧಿ ಓಡಿತು. ಹಳೆಯ ಸ್ಪೀಕರಿನ ಅಯಸ್ಕಾಂತ ಬಿಚ್ಚಿ, ಹಗ್ಗ ಕಟ್ಟಿ, ಬಾವಿಗೆ ಬಿದ್ದ ಕೊಡ ಹುಡುಕಿದ ಹಾಗೆ ರಾಶಿಯೊಳಗೆ ಆಡಿಸಿದೆ. ಎರಡು ಹೇರ್‌ಪಿನ್ ಬಂತು, ತುಕ್ಕು ಹಿಡಿದ ಬ್ಲೇಡ್ ಬಂತು, ಕೊಡೆಯ ಕಡ್ಡಿ ಒಂದು ಬಂತು. ನಟ್ ಬರಲಿಲ್ಲ. ಬರುವುದು ಹೇಗೆ? ಅದು ಹಿತ್ತಾಳೆಯದು. ಕಾರ್ಟ್ರಿಜ್ ಒಳಗೆ ಜೋರು ಅಯಸ್ಕಾಂತ ಇದೆ, ಕಬ್ಬಿಣ ಹತ್ತಿರ ತಂದರೆ ಎಳೆದುಕೊಂಡು ಸೂಜಿ ಹಾಳಾದೀತು ಅಂತ ನಾನೇ ಹುಡುಕಿ ಹಿತ್ತಾಳೆ ತಂದಿದ್ದೆ.

ಕೊನೆಗೆ ಆಯಿಯೇ ಮೊರ ತಂದು ಕೇರಿದಳು. ನಾಲ್ಕು ಮೊರ ಆದ ಮೇಲೆ ಸೊಂಟ ನೋವು ಅಂತ ನಿಲ್ಲಿಸಿದಳು. ಮಾರನೇ ದಿನ ಪೇಟೆಗೆ ಹೋಗಿ, ರೇಡಿಯೊ ರಿಪೇರಿ ಮಾಡುವವರ ಡಬ್ಬಿಯಲ್ಲಿ ಕೆದಕಿ ಒಂದು ನಟ್ ತಂದೆ. ನಟ್‌ಗೆ ಐದು ರೂಪಾಯಿ, ಪೆಟ್ರೋಲಿಗೆ ನೂರು. ಹಳೆಯದು ಈಗಲೂ ರಾಶಿಯಲ್ಲೇ ಇದೆ. ಚಾಲಿ ಮಾರುವಾಗ ಯಾರ ಮೂಟೆಗೆ ಹೋಗುತ್ತದೋ.

ಸರಿ ಸರಿ, ಸೂಜಿ ಇಳಿಸಿದ್ದೇನೆ ನೋಡಿ. ಇದು ರೇಗಾದಲ್ಲಿ ಡಿಎಲ್-103. ಡೆನಾನ್ ಇದನ್ನು 1960ರ ದಶಕದಲ್ಲಿ ಜಪಾನಿನ ಎನ್‌ಎಚ್‌ಕೆ ರೇಡಿಯೊಗಾಗಿ ಮಾಡಿದ್ದು, ಇವತ್ತಿಗೂ ಮಾಡುತ್ತಿದ್ದಾರೆ. ದನಿ ತುಂಬಿದೆ, ಮಧ್ಯದ ಸ್ವರ ಬೆಲ್ಲದ ಹಾಗೆ. ಆದರೆ ಹೊರಬರುವ ವೋಲ್ಟೇಜ್ 0.3 ಮಿಲಿವೋಲ್ಟ್ ಅಷ್ಟೇ. 2ಎಂ ಬ್ಲೂದು 5.5. ಅಂದರೆ ಹದಿನೆಂಟು ಪಟ್ಟು ವ್ಯತ್ಯಾಸ. ಈ ಪೆಟ್ಟಿಗೆ ನೋಡಿ, ವೋಲ್ಟೇಜ್ ಏರಿಸುವ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್, ಇದಿಲ್ಲದಿದ್ದರೆ ಮಳೆ ಸದ್ದೇ ಗೆಲ್ಲುತ್ತದೆ. ಸೂಜಿ ಸವೆದರೆ 2ಎಂಗೆ ಸೂಜಿಯನ್ನಷ್ಟೇ ಜಾರಿಸಿ ಬದಲಿಸಬಹುದು, ಇದನ್ನು ಇಡೀ ತೆಗೆಯಬೇಕು. ಖರ್ಚಿನ ಮಗ ಇವನು.

ಇದು ಎಸ್‌ಎಂಇದಲ್ಲಿ 2ಎಂ ಬ್ಲೂ. ಲೆಕ್ಕದಲ್ಲಿ ಎಂಟೂವರೆ ಹರ್ಟ್ಸ್ ಹತ್ತಿರ. ರೇಗಾದಲ್ಲಿ ಹಾಕಿದರೆ ಸರಿಸುಮಾರು 8, ಅಂಚಿನಲ್ಲೇ. ಇದರ ಸೂಜಿಭಾರ 1.8 ಗ್ರಾಂ, ಅಲ್ಲೂ ಗೀಟು ಸಾಲುವುದಿಲ್ಲ, ತಕ್ಕಡಿಯೇ ಗತಿ. ಆದರೆ ಕೇಳಿ, ತಾಳದ ಸದ್ದು ಎಷ್ಟು ಬಿಡಿಸಿ ಬರುತ್ತಿದೆ. ಈಗ ನನಗೆ ಇದೇ ಇಷ್ಟ ಅನಿಸುತ್ತಿದೆ. ಐದು ನಿಮಿಷದ ಹಿಂದೆ ಬೆಲ್ಲ ಅಂದಿದ್ದೆ, ಗೊತ್ತು.

ಒಂದು ಪರೀಕ್ಷೆ. ಆಯಿ, ಒಂದ್ಸಲ ಮೆತ್ತಿನ ಮೇಲೆ ಬಂದು ನಡೆ. ಹಾಂ, ನೋಡಿ, ಸ್ಪೀಕರಿನ ವೂಫರ್ ಪರದೆ ಹೇಗೆ ಒಳಗೆ ಹೊರಗೆ ಆಗುತ್ತಿದೆ! ಆರ್ಮಿಗೆ ಇಷ್ಟೆಲ್ಲ ದುಡ್ಡು ಸುರಿದು ಹಲಗೆ ನೆಲದ ಮೇಲೆ ಮೇಜಿಟ್ಟವನಿಗೆ ಏನು ಹೇಳುವುದು. ಪ್ಲೇಯರನ್ನು ಚೀರೆಕಲ್ಲಿನ ಗೋಡೆಗೆ ಹೊಡೆದ ಶೆಲ್ಫಿಗೆ ಹಾಕಬೇಕು. ಬಡಗಿ ಬರುತ್ತೇನೆ ಅಂದು ಮೂರು ವಾರ ಆಯ್ತು. ಬರಲಿ, ಅವನ ಕೈಲಿ ಹಲಗೆ ಸಂದನ್ನೂ ಮುಚ್ಚಿಸುತ್ತೇನೆ.

ಮುಂದಿನ ಸಲ ಎಸ್‌ಎಂಇಗೆ ಆರು ಗ್ರಾಂ ಜಾಸ್ತಿ ತೂಕದ ಹೆಡ್‌ಶೆಲ್, ಅಂದರೆ ಕಾರ್ಟ್ರಿಜ್ ಕೂರುವ ತಲೆ, ಹಾಕಿ ಮತ್ತೆ ಡಿಎಲ್-103 ಕೇಳುವುದು. ಲೆಕ್ಕ 10ಕ್ಕೆ ಬಂದು ಕೂರುತ್ತದೆ. ಈ ಸಲ 100 ಹರ್ಟ್ಸ್ ತಪ್ಪು ಮಾಡಿಲ್ಲ, ಎರಡು ಸಲ...

ಅಯ್ಯೋ, ಕರೆಂಟ್ ಹೋಯ್ತು. ತಟ್ಟೆ ನಿಂತಿದೆ, ಸೂಜಿ ಅದರ ಮೇಲೇ ಕೂತಿದೆ. ಒಂದ್ನಿಮಿಷ, ಟಾರ್ಚ್ ಎಲ್ಲಿಟ್ಟೆ, ಮೊದಲು ಅದನ್ನು ಎತ್ತುತ್ತೇನೆ.